ಮೌನಮ್ಮ ಕಾಶಿಯಲ್ಲಿ ಬಿಟ್ಟು ಬಂದದ್ದು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕಟ್ಟಿದವನು ನನ್ನ ಕೈಗೆ ಸಿಕ್ಕರೆ, ರಕ್ತದೊತ್ತಡ ನೋಡುವ ನೆಪದಲ್ಲಿ ಅವನ ತೋಳಿಗೆ ಪಟ್ಟಿ ಸುತ್ತಿ, ‘ಸಾಕ್ರೀ ಸಾಕು’ ಅನ್ನುವ ತನಕ ಗಾಳಿ ಹೊಡೆಯುತ್ತೇನೆ. ಒಂದು ಪ್ರಾಸ ಸಿಕ್ಕಿತೆಂದು ಅವನು ಎಷ್ಟು ಮುದುಕ ಮುದುಕಿಯರ ಬಾಯಿ ಮುಚ್ಚಿಸಿದ್ದಾನೋ ಲೆಕ್ಕವಿಲ್ಲ. ಕಿವಿ ಮಂದವಾದರೂ ಮರೆವು ಬರುತ್ತದೆ. ನಿದ್ದೆಗೆಟ್ಟರೂ ಬರುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಹಿಡಿತ ತಪ್ಪಿದರೆ, ಮಾತಾಡಿಸುವವರಿಲ್ಲದೆ ದಿನವೆಲ್ಲ ಗೋಡೆ ನೋಡುತ್ತ ಕೂತರೆ, ಸಿಕ್ಕ ಸಿಕ್ಕ ನಿದ್ದೆಗುಳಿಗೆ ನುಂಗಿದರೆ, ಆಗಲೂ ಬರುತ್ತದೆ. ಹಿಂದಕ್ಕೆ ತಿರುಗದ ಮರೆವೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹುಡುಕಿ ನೋಡಿದ ಮೇಲೆ ಆ ಮಾತು ಹೇಳಬೇಕು. ಹುಡುಕುವುದಕ್ಕೆ ಮೈಗಳ್ಳತನ ಮಾಡುವವರು ‘ವಯಸ್ಸಾಯಿತು’ ಅನ್ನುತ್ತಾರೆ.

ಹೀಗೆ ಎದೆ ತಟ್ಟಿ ಹೇಳುವ ನಾನೂ ಒಮ್ಮೆ ಆ ಮೈಗಳ್ಳರ ಸಾಲಿನಲ್ಲಿ ನಿಂತಿದ್ದೆ. ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಹೆಸರು ಪಂಚಶೀಲಾ. ಊರು ಕೊಂಕಲ್. ಕಕ್ಕೇರಾ ಹತ್ತಿರದ ಒಂದು ಆರೋಗ್ಯ ಉಪಕೇಂದ್ರದಲ್ಲಿ ಏಳು ವರ್ಷದಿಂದ ಕೆಲಸ. ಕಕ್ಕೇರಾ ಸುತ್ತ ಊರಿಗಿಂತ ದೊಡ್ಡಿಗಳೇ ಹೆಚ್ಚು. ಜನ ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ, ಅಂಥ ಐದಾರು ಮನೆ ಸೇರಿದರೆ ಅದೊಂದು ದೊಡ್ಡಿ. ನನ್ನ ಪಾಲಿಗೆ ಅಂಥವು ಹದಿನೆಂಟು. ಸ್ಕೂಟಿಯಲ್ಲಿ ಕಾಲುವೆ ದಂಡೆ ಹಿಡಿದು ತಿಂಗಳಿಗೊಮ್ಮೆ ಎಲ್ಲವನ್ನೂ ಸುತ್ತುತ್ತೇನೆ. ಬಿ.ಪಿ. ನೋಡುತ್ತೇನೆ, ಸಕ್ಕರೆ ಕಾಯಿಲೆಯವರಿಗೆ ಗುಳಿಗೆ ಕೊಡುತ್ತೇನೆ, ಗುಳಿಗೆ ನುಂಗದವರಿಗೆ ಬೈಯುತ್ತೇನೆ. ಮೂರನೆಯ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿದೆ.

ಅಂಥ ಒಂದು ದೊಡ್ಡಿಯಲ್ಲಿ ಮೌನಮ್ಮನ ಮನೆ. ವಯಸ್ಸು ಅರವತ್ತೇಳು, ಸಕ್ಕರೆ ಕಾಯಿಲೆ, ಗಂಡ ತೀರಿ ಹನ್ನೆರಡು ವರ್ಷ. ಮಗ ಶರಣಕುಮಾರ ಭತ್ತ, ಮೆಣಸಿನಕಾಯಿ ಬೆಳೆಯುತ್ತಾನೆ. ಸೊಸೆ ರೇಣುಕಾದೇವಿ. ಮನೆಯೊಳಗೆ ಮೊಟ್ಟೆಯ ಸಿಪ್ಪೆಯೂ ಬರಬಾರದೆನ್ನುವ ಜನ. ಹೊಲ ಮಗನದು, ಒಲೆ ಸೊಸೆಯದು, ನಾಲ್ಕು ಎಮ್ಮೆ ಮಾತ್ರ ಮೌನಮ್ಮನವು. ಕರುವಿನಿಂದ ಸಾಕಿದ್ದು ಅವಳೇ, ಹಿಂಡುವುದೂ ಅವಳೇ. ಸುತ್ತಲಿನ ದೊಡ್ಡಿಗಳಿಗೆಲ್ಲ ಹಾಲು, ಮೊಸರು ಹೋಗುತ್ತಿದ್ದದ್ದು ಆ ಮನೆಯಿಂದ. ಎಮ್ಮೆಗಳ ವಿಷಯದಲ್ಲಿ ಮಗನೂ ಅವಳ ಮಾತು ಮೀರುತ್ತಿರಲಿಲ್ಲ.

ನಾನು ಹೋದಾಗ ಕಟ್ಟೆಯ ಮೇಲೆ ಕೂರುತ್ತೇನೆ. ಚಹಾ ಅಲ್ಲಿಗೇ ಬರುತ್ತದೆ, ಬೇರೆ ಲೋಟದಲ್ಲಿ. ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಏಳು ವರ್ಷದಲ್ಲಿ ಆ ಮನೆಯ ಹೊಸ್ತಿಲು ನಾನು ದಾಟಿಲ್ಲ. ಅದು ಬೇರೆಯದೇ ರೋಗ, ಅದಕ್ಕೆ ನನ್ನ ಚೀಲದಲ್ಲಿ ಸೂಜಿ ಇಲ್ಲ. ಚಹಾ ಚೆನ್ನಾಗಿರುತ್ತದೆ, ಕುಡಿದು ನನ್ನ ಕೆಲಸ ಮಾಡಿ ಬರುತ್ತೇನೆ. ಈ ಮಾತು ಯಾಕೆ ಹೇಳಿದೆನೆಂದರೆ, ಮೌನಮ್ಮ ಉಣ್ಣುವುದನ್ನು ನಾನು ಒಂದು ದಿನವೂ ಕಂಡಿರಲಿಲ್ಲ.

ಕಳೆದ ವರ್ಷ ಮುಂಗಾರಿನ ಹೊತ್ತಿಗೆ ಮೌನಮ್ಮ ಬದಲಾಗತೊಡಗಿದಳು. ಹಿಂಡಿದ ಎಮ್ಮೆಯನ್ನೇ ಮತ್ತೆ ಹಿಂಡಲು ಕೂರುವಳು. ಹಾಲು ಕೊಟ್ಟ ಮನೆಗೇ ಮತ್ತೊಮ್ಮೆ ಚೊಂಬು ಹಿಡಿದು ಹೋಗುವಳು. ನಡೆಯುವಾಗ ತೂಗಾಡುವಳು, ಅಂಗಾಲು ಜುಮುಜುಮು ಅನ್ನುತ್ತದೆಂದು ನೆಲಕ್ಕೆ ಉಜ್ಜಿಕೊಳ್ಳುವಳು. ಒಂದು ದಿನ ಹಗ್ಗ ಕಟ್ಟುವುದನ್ನೇ ಮರೆತಳು. ಎರಡು ಎಮ್ಮೆ ಪಕ್ಕದ ಭಗವಂತರಾಯನ ಮೆಣಸಿನ ಹೊಲಕ್ಕೆ ನುಗ್ಗಿ ಅರ್ಧ ಎಕರೆ ತುಳಿದು ಹಾಕಿದವು. ಎರಡು ಮನೆಯವರೂ ಕೊರಳಪಟ್ಟಿ ಹಿಡಿಯುವ ತನಕ ಹೋಯಿತು. ಆ ಸಂಜೆಯೇ ಶರಣಕುಮಾರ ಸುರಪುರದ ಎಮ್ಮೆ ವ್ಯಾಪಾರಿ ಮುಸ್ತಫಾನಿಗೆ ಫೋನು ಮಾಡಿ, ನಾಲ್ಕನ್ನೂ ಮಾರುವುದಾಗಿ ಮಾತು ಕೊಟ್ಟ. ದಸರೆಯ ಬನ್ನಿ ಹಬ್ಬ ಮುಗಿದ ಮರುದಿನ ಬಂದು ಒಯ್ಯುವುದೆಂದು ಮುಸ್ತಫಾ ಒಪ್ಪಿಕೊಂಡ.

ಆ ವಾರ ನಾನು ಹೋದಾಗ, ಎಮ್ಮೆ ಮಾರುವ ಸುದ್ದಿ ಕೇಳಿ ಊಟ ಬಿಟ್ಟು ಕೂತಿದ್ದ ಮೌನಮ್ಮ ನನ್ನ ಕೈ ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು.

“ಸಿಸ್ಟರಾ, ನನ್ನ ತಲ್ಯಾಗ ಏನೋ ಮಂಜ ಕವದಂಗ ಆಗೈತಿ. ತಲಿ ಹೋದ್ರ ಹೋಗ್ಲಿ. ಆದ್ರ ನಾ ಕುಂತಲ್ಲೆ ಕುಂತಿರತಾ ನನ್ನ ಎಮ್ಮಿ ಹೊಡಕೊಂಡು ಹೋದ್ರ, ಈ ಮನ್ಯಾಗ ನನ್ನ ಮಾತಿಗಿ ಕಿಮ್ಮತ್ತು ಏನ ಉಳೀತು?”

ತಪಾಸಣೆಯ ನಮೂನೆ ತೆಗೆದೆ. ಮರ, ಬುಟ್ಟಿ, ಕೋಳಿ ಎಂದು ಮೂರು ಶಬ್ದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರೆ ಒಂದೂ ನೆನಪಿರಲಿಲ್ಲ. ಉಳಿದ ಕಾಲಂಗಳನ್ನು ಸರಸರ ತುಂಬಿದೆ. ಸಸ್ಯಾಹಾರಿಯೇ, ಹೌದು. ಹಾಲು ಮೊಸರು ಸೇವಿಸುತ್ತಾರೆಯೇ? ನನ್ನ ಮೊಣಕಾಲಿಗೆ ತಾಗುವಂತೆ ಹಾಲಿನ ಎರಡು ಕ್ಯಾನು ನಿಂತಿದ್ದವು. ‘ಹೌದು’ ಎಂದು ಗೀಟು ಎಳೆದೆ. ಆ ನಮೂನೆ ಕೊಟ್ಟು ಅವಳನ್ನು ಸುರಪುರದ ಆಸ್ಪತ್ರೆಗೆ ಕಳಿಸಿದೆ. ಅಲ್ಲಿನ ಡಾಕ್ಟರಮ್ಮ ಅದನ್ನೋದಿ, ನೋಡಿ, ವಯಸ್ಸಿನ ಮರೆವು ಶುರುವಾಗಿರಬಹುದು ಎಂದು ಒಂದು ಗುಳಿಗೆ ಬರೆದು ಕಳಿಸಿದರು.

ಶರಣಕುಮಾರನಿಗೆ ಅಷ್ಟೇ ಸಾಕಾಯಿತು. “ನೋಡ್ರಿ, ದೊಡ್ಡ ಡಾಕ್ಟ್ರs ಅಂದಾರ. ಇನ್ನೇನ ಉಳದೈತಿ?” ಎಂದ. ಅವ್ವನ ಮೇಲೆ ಅವನಿಗೆ ಪ್ರೀತಿ ಇಲ್ಲದಿರಲಿಲ್ಲ. ಆದರೆ ಆಮೇಲಿನಿಂದ ಅವನು ಅವಳ ಎದುರಿಗೇ ಅವಳ ಬಗ್ಗೆ ಮಾತಾಡತೊಡಗಿದ, ಅವಳು ಅಲ್ಲಿ ಇಲ್ಲವೇನೋ ಎಂಬಂತೆ.

ಶ್ರಾವಣ ಅರ್ಧ ಕಳೆದಿತ್ತು. ಸಕ್ಕರೆ ಗುಳಿಗೆ ಕೊಡಲು ಹೋದೆ. ಮೌನಮ್ಮ ಕಟ್ಟೆಯ ಅಂಚಿಗೆ ಕೂತಿದ್ದಳು. ಬೇರೆ ದಿನಗಳಲ್ಲಾದರೆ ನನ್ನ ಚಹಾ ಬರುವ ಹೊತ್ತಿಗೆ ಎದ್ದು ಒಳಗೆ ಹೋಗಿ ತನ್ನದನ್ನು ಕುಡಿದು ಬರುತ್ತಿದ್ದಳು. ಅಂದು ಎರಡು ಸಲ ಏಳಲು ನೋಡಿ, ಕಾಲು ನಿಲ್ಲದೆ ಹಾಗೇ ಕೂತಳು. ಹಾಗಾಗಿ ರೇಣುಕಾದೇವಿ ಎರಡೂ ಲೋಟವನ್ನು ಹೊರಗೇ ತಂದಳು. ನನ್ನದರಲ್ಲಿ ಕೆನೆಗಟ್ಟಿದ ಚಹಾ. ಅತ್ತೆಯದರಲ್ಲಿ ಕಪ್ಪು ನೀರು.

“ಇದ್ಯಾಕ ಕರಿ ಚಹಾ? ನಾ ಸಕ್ಕರಿ ಬಿಡು ಅಂದಿದ್ದೆ, ಹಾಲು ಬಿಡು ಅಂದಿದ್ನೇನು?” ಎಂದೆ.

ಮೌನಮ್ಮ ಮುಖ ಆ ಕಡೆ ತಿರುಗಿಸಿದಳು. ರೇಣುಕಾದೇವಿ ನನ್ನ ಕಿವಿಯ ಹತ್ತಿರ ಬಗ್ಗಿದಳು. ಏಳು ವರ್ಷದಲ್ಲಿ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

“ಅತ್ತಿ ಕಾಶ್ಯಾಗ ಬಿಟ್ಟು ಬಂದಾರ್ರಿ. ಹಾಲು, ಮಸರು, ಮಜ್ಜಿಗಿ, ತುಪ್ಪ, ಎಲ್ಲಾ. ಕೊರೊನಾ ಬರಾಕ ಮೊದಲ ಹೋಗಿದ್ರಲ್ರಿ, ಆವಾಗಿಂದ. ಬಿಟ್ಟಿದ್ದರ ಹೆಸರು ಬಾಯಾಗ ತರಬಾರದು ಅಂತಾರ್ರಿ, ಅದಕ್ಕ ನಾವು ಯಾರೂ ಮಾತ ತೆಗೆಯೂದಿಲ್ಲ.”

ಕಾಶಿಗೆ ಹೋದವರು ಇಷ್ಟದ ಒಂದು ತಿನಿಸನ್ನು ಗಂಗೆಗೆ ಬಿಟ್ಟು ಬರುವ ಪದ್ಧತಿ ನನಗೇನು ಹೊಸದಲ್ಲ. ಬಹಳ ಜನ ಜಾಣತನದಿಂದ ಹಾಗಲಕಾಯಿ ಬಿಡುತ್ತಾರೆ. ಇವಳು ಹಾಲು ಬಿಟ್ಟಿದ್ದಳು. ದಿನಾ ಎರಡು ಹೊತ್ತು ತನ್ನ ಕೈಯಿಂದಲೇ ಹಿಂಡಿ, ಕಾಸಿ, ಹೆಪ್ಪು ಹಾಕಿ, ಊರಿಗೆಲ್ಲ ಕುಡಿಸಿ, ತಾನು ಐದು ವರ್ಷ ಒಂದು ಹನಿ ನಾಲಿಗೆಗೆ ತಾಗಿಸಿರಲಿಲ್ಲ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ! ನಾನು ಹಣೆ ಹಣೆ ಬಡಿದುಕೊಂಡೆ. ಬಿ ಹನ್ನೆರಡು ಎಂಬ ಜೀವಸತ್ವವಿದೆ. ಮೆದುಳಿಗೂ ನರಕ್ಕೂ ಅದು ಬೇಕೇಬೇಕು. ಜೋಳದ ರೊಟ್ಟಿಯಲ್ಲಿ ಅದಿಲ್ಲ, ಪುಂಡಿಪಲ್ಯದಲ್ಲಿಲ್ಲ, ಶೇಂಗಾ ಹಿಂಡಿಯಲ್ಲೂ ಇಲ್ಲ. ಮಾಂಸ, ಮೀನು, ಮೊಟ್ಟೆ ಮುಟ್ಟದವರಿಗೆ ಅದು ಸಿಗುವುದು ಹಾಲು ಮೊಸರಿನಿಂದ ಮಾತ್ರ. ದೇಹ ಕೂಡಿಟ್ಟುಕೊಂಡದ್ದು ಮೂರು ನಾಲ್ಕು ವರ್ಷ ನಡೆಸಿಕೊಂಡು ಹೋಗುತ್ತದೆ. ಆಮೇಲೆ ಅಂಗಾಲು ಜುಮ್ಮೆನ್ನುತ್ತದೆ, ನಡಿಗೆ ತಪ್ಪುತ್ತದೆ, ನೆನಪು ತಪ್ಪುತ್ತದೆ. ಇದೆಲ್ಲ ನಾನು ಓದಿ ಪಾಸಾದ ಪಾಠ. ಸಾಲದ್ದಕ್ಕೆ, ನಾನು ತಿಂಗಳು ತಿಂಗಳು ತಪ್ಪದೆ ಕೊಡುತ್ತಿದ್ದ ಸಕ್ಕರೆ ಗುಳಿಗೆಯೂ ಆ ಜೀವಸತ್ವ ಮೈಗೆ ಹತ್ತದಂತೆ ಮಾಡುತ್ತದೆ. ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ಕೇಳದೆ ಎರಡು ಕ್ಯಾನು ನೋಡಿ ಗೀಟು ಎಳೆದಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಸ್ಕೂಟಿಯನ್ನು ಮೂರು ಸಲ ಒದ್ದೆ, ಅದು ಶುರುವಾಗಲಿಲ್ಲ.

ಮರುದಿನ ಸುರಪುರಕ್ಕೆ ಹೋದೆ. ಡಾಕ್ಟರಮ್ಮನ ಮುಂದೆ ನಮೂನೆ ಇಟ್ಟು, “ಈ ಗೀಟು ಸುಳ್ಳದ ಮೇಡಂ. ನಾ ಹಾಕಿದ್ದು. ಐದು ವರ್ಷ ಆಕಿ ಹಾಲು ಮುಟ್ಟಿಲ್ಲ” ಎಂದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನಾಲಿಗಿ ಕೆಂಪಗ ನುಣ್ಣಗ ಆಗಿತ್ತು ಆಕೀದು. ನಾನೂ ಅಷ್ಟಕ್ಕ ತಿಳ್ಕೋಬೇಕಿತ್ತು” ಎಂದು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಕ್ತ ಶಹಾಪುರದ ಲ್ಯಾಬಿಗೆ ಹೋಯಿತು. ಮೂರನೆಯ ದಿನ ಉತ್ತರ ಬಂತು. ಇನ್ನೂರರ ಮೇಲೆ ಇರಬೇಕಾದದ್ದು ತೊಂಬತ್ತೆರಡು ಇತ್ತು.

ಅದನ್ನು ಹಿಡಿದು ದೊಡ್ಡಿಗೆ ಹೋದರೆ ಶರಣಕುಮಾರ ನಂಬಲಿಲ್ಲ. “ಹಾಲು ಬಿಟ್ರ ತಲಿ ಕೆಡ್ತದೇನ್ರಿ? ಅಂಗಾದ್ರ ಕಾಶಿಗಿ ಹೋದವ್ರೆಲ್ಲಾ ಹುಚ್ಚರಾಗಿರ್ತಿದ್ರು.”

“ಕಾಶಿಗಿ ಹೋದವ್ರೆಲ್ಲಾ ನಿಮ್ಮವ್ವನಂಗ ಖರೆ ಖರೆ ಬಿಡೂದಿಲ್ಲಪಾ,” ಎಂದೆ. “ಬನ್ನಿ ಹಬ್ಬಕ್ಕ ಇನ್ನಾ ಏಳು ವಾರ ಐತಿ. ಅಲ್ಲೀತನಕ ಆಕಿ ಮುಂದ ಎಮ್ಮಿ ಮಾರೂ ಮಾತು ಆಡಬ್ಯಾಡ. ಆಕಿ ಸುಧಾರಿಸಲಿಲ್ಲಂದ್ರ ಆವಾಗ ನನ್ನ ಕೇಳು.”

ಅಷ್ಟು ಧೈರ್ಯವಾಗಿ ಹೇಳಿದ್ದೇಕೆಂದರೆ ಕಾರಣ ನನ್ನ ಕೈಯಲ್ಲಿತ್ತು. ಕಾರಣ ಸಿಕ್ಕ ಮೇಲೆ ಹೆದರುವ ಜಾಯಮಾನ ನನ್ನದಲ್ಲ.

ಸೂಜಿ ಚುಚ್ಚುವ ದಿನ ಮೌನಮ್ಮ ತೋಳು ಹಿಂದಕ್ಕೆ ಎಳೆದುಕೊಂಡಳು.

“ಇದ್ರಾಗ ಹಾಲು ಐತೇನು?”

ನಾನು ಸಿರಿಂಜನ್ನು ಬೆಳಕಿಗೆ ಹಿಡಿದೆ. ಆ ಔಷಧದ ಬಣ್ಣ ಕೆಂಪು. “ನೋಡು, ಕುಂಕುಮದ ನೀರಿನಂಗ ಐತಿ. ನಿನ್ನ ಎಮ್ಮಿ ಕೆಂಪ ಹಾಲು ಕೊಡ್ತಾವೇನು?”

ಅವಳು ಬಹಳ ದಿನದ ಮೇಲೆ ನಕ್ಕಳು. ತೋಳು ಕೊಟ್ಟಳು. ನಾನು ಆ ನಗುವಿನ ಲಾಭ ಪಡೆಯಲು ನೋಡಿದೆ. “ಇನ್ನ ಮ್ಯಾಲ ದಿನಾ ಒಂದು ಲೋಟ ಮಜ್ಜಿಗಿ ಕುಡಿಯವ್ವ. ದೇವ್ರೇನ ಸಿಟ್ಟಾಗೂದಿಲ್ಲ.”

“ದೇವ್ರು ಸಿಟ್ಟಾಗ್ತಾನಂತ ಬಿಟ್ಟಿಲ್ಲ ನಾ,” ಎಂದಳು. “ಬಿಡ್ತೀನಿ ಅಂದೆ, ಬಿಟ್ಟೆ. ನಿನ್ನ ಸೂಜಿ ಎಷ್ಟು ಬೇಕಾದ್ರೂ ಹಾಕು, ಗುಳಿಗಿ ಕೊಟ್ರ ನುಂಗ್ತೀನಿ. ಹಾಲಿನ ಮಾತ ಮಾತ್ರ ತೆಗೀಬ್ಯಾಡ.”

ಮರೆವಿನ ಮಂಜಿನೊಳಗೂ ಈ ಮಾತು ಅವಳಿಗೆ ಸ್ಪಷ್ಟವಾಗಿತ್ತು. ನನಗೆ ದೇವರ ಮೇಲೆ ಅಷ್ಟು ನಂಬಿಕೆ ಇಲ್ಲ. ಆದರೆ ಆಡಿದ ಮಾತಿಗೆ ನಿಲ್ಲುವವರ ಮೇಲೆ ನನಗೆ ಗೌರವವಿದೆ. ಮತ್ತೆ ಆ ಮಾತು ತೆಗೆಯಲಿಲ್ಲ.

ಒಂದು ದಿನ ಬಿಟ್ಟು ಒಂದು ದಿನದಂತೆ ಎರಡು ವಾರ ಸೂಜಿ. ಏನೂ ಆಗಲಿಲ್ಲ. ಅದೇ ತೂಗಾಟ, ಅದೇ ಮರೆವು. ಶರಣಕುಮಾರ ನನ್ನ ಸ್ಕೂಟಿ ಕಂಡೊಡನೆ ಹೊಲದ ಕಡೆ ನಡೆಯುತ್ತಿದ್ದ. ಮೂರನೆಯ ವಾರ ನಾಲಿಗೆಯ ಉರಿ ಹೋಗಿ ಮುದುಕಿ ಖಾರದ ಪಲ್ಯ ಕೇಳಿ ಬಡಿಸಿಕೊಂಡು ಉಂಡಳಂತೆ. ಆಮೇಲೆ ಸೂಜಿ ವಾರಕ್ಕೊಂದಾಯಿತು. ಐದನೆಯ ವಾರ ನನಗೆ ಮೀಟಿಂಗು ಬಿದ್ದು ಎರಡು ದಿನ ತಡವಾಗಿ ಹೋದೆ. ಸ್ಕೂಟಿಯಿಂದ ಇಳಿಯುವ ಮೊದಲೇ ಬೈಗುಳ ಬಂತು.

“ಸೋಮಾರ ಬರ್ತೀನಂದಿದ್ದಿ. ಇವತ್ತು ಬುಧವಾರ. ಮಂದಿಗಿ ಮರವು ಅಂತ ಸೂಜಿ ಹಾಕ್ಕೋತ ತಿರಗ್ತಿ, ನಿನಗ ಯಾರ ಹಾಕಬೇಕು?”

ನಾನು ಹೆಲ್ಮೆಟ್ಟು ಹಾಕಿಕೊಂಡೇ ಗಟ್ಟಿಯಾಗಿ ನಕ್ಕೆ. ಕಣ್ಣಲ್ಲಿ ನೀರೂ ಬಂತು. ಇಷ್ಟು ಸಂತೋಷದ ಬೈಗುಳ ನಾನು ನನ್ನ ಅವ್ವನಿಂದಲೂ ತಿಂದಿಲ್ಲ.

ಬನ್ನಿ ಹಬ್ಬದ ಮರುದಿನ ಬೆಳಿಗ್ಗೆ ಆ ವಾರದ ಸೂಜಿ ಹಿಡಿದು ನಾನು ಕಟ್ಟೆಯ ಹತ್ತಿರ ಇದ್ದೆ. ಮುಸ್ತಫಾನ ಟೆಂಪೊ ಬಂದು ನಿಂತಿತು. ಶರಣಕುಮಾರನ ಮುಖ ಸಪ್ಪಗಾಯಿತು. ಅವ್ವ ಸುಧಾರಿಸಿದ್ದು ಅವನಿಗೂ ಕಾಣುತ್ತಿತ್ತು, ಆದರೆ ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆ. ವ್ಯಾಪಾರಿಯನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದ. ಮೌನಮ್ಮ ಕೋಲೂರಿ ಹಿಂದೆಯೇ ಹೋದಳು. ನಾನೂ ಹೋದೆ. ಕೊಟ್ಟಿಗೆಗೆ ಹೊಸ್ತಿಲಿಲ್ಲ.

ಮುಸ್ತಫಾ ಮೊದಲನೆಯ ಎಮ್ಮೆಯ ಬಾಯಿ ಬಿಡಿಸಿ ಹಲ್ಲು ನೋಡಿದ. “ಎಷ್ಟನೇ ಸೂಲ್ ಇದು?”

“ಎರಡನೇದು,” ಎಂದ ಶರಣಕುಮಾರ.

“ಮೂರನೇದು,” ಎಂದಳು ಮೌನಮ್ಮ. “ಮೊದಲಿನ ಕರ ಪಂಚಮಿ ದಿನ ಸತ್ತೋತು, ನೀ ಆವಾಗ ಶಹಾಪುರದಾಗ ಇದ್ದಿ. ಇದರ ಎಡಗಡಿ ಹಿಂದಿನ ಮೊಲಿ ತಡದು ಇಳೀತದ, ಅವಸರ ಮಾಡಿದ್ರ ಒದೀತದ. ಆ ಮೂಲ್ಯಾಗಿಂದು ಇದರ ತಂಗಿ, ಈಗ ನಾಕು ತಿಂಗಳ ಗಬ್ಬ ಐತಿ. ಬಾಗಲದಾಗಿನ ಎರಡು ಕರ ಇದ್ದಾಗ ಲಿಂಗಸುಗೂರು ಸಂತ್ಯಾಗ ಹಿಡದಿದ್ದು. ಕೊಂಬು ಮುರದಿದ್ದು ಮಳಿ ಗುಡುಗಿಗಿ ಅಂಜತದ, ಸಿಡಲ ಬಡದ ದಿನ ಹಿಂಡಾಕ ಹೋಗಬ್ಯಾಡ.”

ಮುಸ್ತಫಾ ಎಮ್ಮೆಯ ಬಾಯಿ ಬಿಟ್ಟು ಮುದುಕಿಯನ್ನು ನೋಡಿದ. ಆಮೇಲೆ ಶರಣಕುಮಾರನನ್ನು ನೋಡಿದ. “ಏನಪಾ, ಅಮ್ಮಾರ ದಿಮಾಕ್ ಸರಿ ಇಲ್ಲ ಅಂತ ಫೋನಿನ್ಯಾಗ ಹೇಳಿದ್ದಿ. ಮೂವತ್ತು ವರ್ಷ ಧಂದಾ ಮಾಡೀನಿ, ನನಗs ಇಷ್ಟು ನೆನಪ ಇರೂದಿಲ್ಲ.”

ಶರಣಕುಮಾರ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ತಪ್ಪಾತು ಮುಸ್ತಫಾಭಾಯ್. ನಿಮಗ ಖಾಲಿ ತಕಲೀಫ್ ಕೊಟ್ಟೆ. ಎಮ್ಮಿ ಮಾರೂದಿಲ್ಲ.”

ನನ್ನ ಎದೆ ಉಬ್ಬಿತು. ಏಳು ವಾರದ ಓಡಾಟಕ್ಕೆ ಇಷ್ಟು ಸಾಕೆಂದು ಮನಸ್ಸಿನಲ್ಲೇ ಬೀಗುತ್ತಿದ್ದೆ. ಅಷ್ಟರಲ್ಲಿ ಮೌನಮ್ಮ ಕೋಲಿನಿಂದ ನೆಲ ಕುಟ್ಟಿದಳು.

“ಮಾರೂದಿಲ್ಲ ಅಂತ ಅಂದವರ್ಯಾರು?”

ಅವಳು ಬಾಗಿಲ ಹತ್ತಿರದ ಎರಡು ಎಮ್ಮೆಗಳ ಕಡೆ ನಡೆದಳು. ನಿಧಾನವಾಗಿ, ಒಂದೊಂದು ಹೆಜ್ಜೆ ನೋಡಿ ಇಟ್ಟು.

“ನನ್ನ ಅಂಗಾಲಿಗಿ ನೆಲ ಇನ್ನಾ ಬರೋಬ್ಬರಿ ಸಿಗವಲ್ದು. ನಾಕು ನನ್ನ ಕೈಲೆ ನೀಗೂದಿಲ್ಲ, ಎರಡು ನೀಗ್ತಾವ. ಅಕ್ಕ ತಂಗಿ ನನಗಿರಲಿ. ಇವೆರಡೂ ನೀ ಒಯ್ಯಿ ಮುಸ್ತಫಾ. ಮುರದ ಕೊಂಬಿಂದು ಕೊಯ್ಯವರಿಗಿ ಅಲ್ಲ, ಹಿಂಡವರಿಗೇ ಕೊಡಬೇಕು. ಹೌದಂತ ಹೇಳಿದ್ರ ಮಾತ್ರ.”

“ಖುದಾ ಕಸಂ ಅಮ್ಮಾ, ಹಿಂಡವರಿಗೇ,” ಎಂದ ಮುಸ್ತಫಾ.

ನಮ್ಮ ಕಡೆ ದನ ಮಾರಿದರೂ ಕೊರಳ ಹಗ್ಗ ಮಾರುವುದಿಲ್ಲ. ಅದು ಮನೆಯಲ್ಲೇ ಉಳಿಯಬೇಕು, ಕೊಂಡವನು ತನ್ನ ಹಗ್ಗ ಹಾಕಿ ಒಯ್ಯಬೇಕು. ಮೌನಮ್ಮ ಯಾರನ್ನೂ ಕರೆಯದೆ ತಾನೇ ಗಂಟು ಬಿಚ್ಚಿದಳು, ಎರಡೂ ಎಮ್ಮೆಯ ಬೆನ್ನು ಸವರಿದಳು. ಆಗ ಅವಳು ಅತ್ತಳು, ಮುಚ್ಚಿಡಲಿಲ್ಲ. ಟೆಂಪೊ ಕಾಲುವೆಯ ತಿರುವು ದಾಟುವ ತನಕ ನಾವೆಲ್ಲ ಅಂಗಳದಲ್ಲೇ ನಿಂತಿದ್ದೆವು.

ಶರಣಕುಮಾರನಿಗೆ ತಡೆಯಲಾಗಲಿಲ್ಲ. “ಯವ್ವಾ, ನಾನೂ ಮಾರೂಣು ಅಂತs ಹೇಳಿದ್ನಲ್ಲ. ಆವಾಗ ಉಣ್ಣೂದು ಬಿಟ್ಟು ಕುಂತಿದ್ದಿ. ಈಗ ನೀನs ಮಾರಿದಿ!”

ಮೌನಮ್ಮ ಹಗ್ಗಗಳನ್ನು ಸುತ್ತುತ್ತ ಮಗನ ಮುಖ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ನೀ ಹೇಳಿದ್ದಿ. ನನ್ನ ಕೇಳಿರಲಿಲ್ಲ.”

ಅವನು ತಲೆ ತಗ್ಗಿಸಿದ. ಸಿರಿಂಜು ಹಿಡಿದು ನಿಂತಿದ್ದ ನಾನೂ ತಗ್ಗಿಸಿದೆ.